ಗುಲಾಮಗಿರಿ ಗೆದ್ದ ಚಿತ್ರಕಾರ ಹ್ವಾನ್ ದೆ ಪರೇಹಾ

ಸ್ಪೇನ್ ದೇಶದ ಆಂತೆಕೆರಾದಲ್ಲಿ 17ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಹ್ವಾನ್ ದೆ ಪರೇಹಾ, ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ಗುಲಾಮನಾಗಿ ಅವನ ಚಿತ್ರಶಾಲೆಯಲ್ಲಿ ದುಡಿದನು. 1650ರಲ್ಲಿ ಇಬ್ಬರೂ ರೋಮ್ ನಗರದಲ್ಲಿದ್ದಾಗ ವೆಲಾಸ್ಕೆಸ್ ಅವನ ಭಾವಚಿತ್ರ ಬರೆದನು. ತಲೆಯೆತ್ತಿ ನೇರ ದಿಟ್ಟಿಸುವ ಆ ಮುಖದಲ್ಲಿ ದೈನ್ಯದ ಸುಳಿವೇ ಇಲ್ಲ. ಅದೇ ವರ್ಷ ಬಿಡುಗಡೆ ಪತ್ರವಾಯಿತು. ಆದರೆ ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕೆಂಬ ಕರಾರಿತ್ತು. ಮುಂದೆ ಸ್ವತಂತ್ರನಾದ ಪರೇಹಾ ಮ್ಯಾಡ್ರಿಡ್‌ನಲ್ಲಿ ಚಿತ್ರಕಾರನಾಗಿಯೇ ಬಾಳಿದನು. 1661ರಲ್ಲಿ ಸಂತ ಮತ್ತಾಯನನ್ನು ಕುರಿತು ಬರೆದ ದೊಡ್ಡ ಚಿತ್ರದ ಅಂಚಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡು, ಕೈಯಲ್ಲಿನ ಚೀಟಿಯ ಮೇಲೆ ತನ್ನ ಹೆಸರು ಬರೆದನು. ಅದು ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದ ಸ್ವತ್ತು. ವೆಲಾಸ್ಕೆಸ್ ಬರೆದ ಭಾವಚಿತ್ರವನ್ನು 1971ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 55 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಬೆಲೆ ಬಂದದ್ದು ಒಡೆಯನ ಕುಂಚಕ್ಕೆ. ಬಾಳು ಕಟ್ಟಿಕೊಂಡದ್ದು ಮಾತ್ರ ಪರೇಹಾನ ಸ್ವಂತ ಕೈ.