ಕಡಲಿನಲ್ಲಿ ಅಕ್ಷರ ಹಾರಿಸಿದ ಮಕರೋವ್



ನಡುಗಡಲಿನಲ್ಲಿ ಎರಡು ಹಡಗುಗಳು ಒಂದು ಕಿಲೋಮೀಟರ್ ಅಂತರದಲ್ಲಿ ಸಾಗುತ್ತಿವೆ ಎಂದು ಊಹಿಸಿಕೊಳ್ಳಿ. ಒಂದು ಹಡಗಿನ ತಳದಲ್ಲಿ ತೂತು ಬಿದ್ದು ನೀರು ನುಗ್ಗುತ್ತಿದೆ. ಇನ್ನೊಂದು ಹಡಗಿನವರಿಗೆ ಇದನ್ನು ತಿಳಿಸುವುದು ಹೇಗೆ? ಕೂಗಿದರೆ ಗಾಳಿ ಮತ್ತು ಅಲೆಗಳ ಸದ್ದಿನಲ್ಲಿ ಕೇಳಿಸದು. ಮೊಬೈಲ್ ಇಲ್ಲ, ರೇಡಿಯೋ ಕೂಡ ಇಲ್ಲ. ಏಕೆಂದರೆ ಇದು ಸುಮಾರು 130 ವರ್ಷಗಳ ಹಿಂದಿನ ಮಾತು. ಆಗ ನಾವಿಕರು ಕಣ್ಣಿಗೆ ಕಾಣುವಂತೆ ಮಾತನಾಡಬೇಕಿತ್ತು. ಹಗಲಿನಲ್ಲಿ ಬಾವುಟ, ರಾತ್ರಿಯಲ್ಲಿ ದೀಪ.

ರಷ್ಯಾದ ನಾವಿಕರಿಗೆ ಎರಡು ಕೈ ಬಾವುಟಗಳಿಂದ ಅಕ್ಷರ ಬರೆಯುವ ವಿಧಾನವನ್ನು 1895ರಲ್ಲಿ ರೂಪಿಸಿಕೊಟ್ಟವರು ಸ್ಟೆಪಾನ್ ಒಸಿಪೊವಿಚ್ ಮಕರೋವ್. ಅವರು ನೌಕಾ ಸೇನಾಧಿಕಾರಿ ಮಾತ್ರವಲ್ಲ, ಸಮುದ್ರ ವಿಜ್ಞಾನಿಯೂ ಹೌದು. ಅಪಾಯದ ಸುಳಿವು ಸರಿಯಾದ ಹೊತ್ತಿಗೆ ಸರಿಯಾದವರಿಗೆ ತಲುಪಬೇಕು ಎಂಬುದಕ್ಕಾಗಿ ಅವರು ಜೀವನವಿಡೀ ಶ್ರಮಿಸಿದರು. ಅವರ ಕಥೆಯನ್ನು ಈಗ ತಿಳಿಯೋಣ.

ಬಡ ನಾವಿಕನ ಮಗ

ಮಕರೋವ್ 1849ರ ಜನವರಿ 8ರಂದು ಕಪ್ಪು ಸಮುದ್ರದ ಬಳಿಯ ನಿಕೊಲಾಯೆವ್ ಎಂಬ ಊರಿನಲ್ಲಿ ಹುಟ್ಟಿದರು. ಈ ಊರು ಈಗ ಉಕ್ರೇನ್ ದೇಶದಲ್ಲಿದ್ದು ಮೈಕೊಲೈವ್ ಎಂದು ಕರೆಯಲ್ಪಡುತ್ತದೆ. ತಂದೆ ನೌಕಾಪಡೆಯಲ್ಲಿ ಕೆಳ ದರ್ಜೆಯ ನೌಕರರು. ಸ್ಟೆಪಾನ್ ಸುಮಾರು ಹತ್ತು ವರ್ಷದವನಿದ್ದಾಗ ತಂದೆಗೆ ದೂರದ ಅಮೂರ್ ನದಿ ತೀರಕ್ಕೆ ವರ್ಗವಾಯಿತು. ಅಲ್ಲಿನ ನೌಕಾ ಶಾಲೆಯಲ್ಲಿ ಸ್ಟೆಪಾನ್ ಓದಿದ. ಆ ಕಾಲದ ರಷ್ಯಾದಲ್ಲಿ ದೊಡ್ಡ ಹುದ್ದೆಗಳೆಲ್ಲ ಶ್ರೀಮಂತ ಮನೆತನದವರಿಗೇ ಸಿಗುತ್ತಿದ್ದವು. ಈ ಹುಡುಗನಿಗೆ ಇದ್ದ ಆಸ್ತಿ ಎಂದರೆ ಓದು ಮತ್ತು ಲೆಕ್ಕ. 1865ರಲ್ಲಿ ಅವನು ಶಾಲೆಯನ್ನು ಉತ್ತಮವಾಗಿ ಮುಗಿಸಿದ.

1869ರಲ್ಲಿ ಮಕರೋವ್ ಕೆಲಸ ಮಾಡುತ್ತಿದ್ದ ರುಸಾಲ್ಕಾ ಎಂಬ ಯುದ್ಧನೌಕೆ ಕಲ್ಲುಬಂಡೆಗೆ ತಾಗಿತು. ತೂತು ದೊಡ್ಡದೇನೂ ಅಲ್ಲ. ಆದರೂ ಹಡಗು ಮುಳುಗುವ ಸ್ಥಿತಿಗೆ ಬಂದಿತು. ಇಷ್ಟು ಸಣ್ಣ ತೂತಿನಿಂದ ಇಷ್ಟು ದೊಡ್ಡ ಅಪಾಯವೇಕೆ? ಎಲ್ಲರೂ ಹಡಗು ಉಳಿಯಿತಲ್ಲ ಎಂದು ಸಮಾಧಾನಪಟ್ಟರೆ, ಮಕರೋವ್ ಈ ಪ್ರಶ್ನೆಯನ್ನು ಹಿಡಿದು ಕುಳಿತರು. ಮರುವರ್ಷ, 21ನೆಯ ವಯಸ್ಸಿನಲ್ಲಿ, ಈ ಬಗ್ಗೆ ಲೇಖನ ಪ್ರಕಟಿಸಿದರು.

ಅವರು ಹೇಳಿದ ಉಪಾಯಗಳು ಸರಳವಾಗಿದ್ದವು. ತೂತು ಬಿದ್ದ ಕಡೆ ಹೊರಗಿನಿಂದ ದಪ್ಪ ಚಾಪೆಯೊಂದನ್ನು ಹಗ್ಗಗಳಿಂದ ಎಳೆದು ಮುಚ್ಚಬೇಕು. ಆಗ ನೀರಿನ ಒತ್ತಡವೇ ಚಾಪೆಯನ್ನು ತೂತಿಗೆ ಅದುಮಿ ಹಿಡಿಯುತ್ತದೆ. ಇಂಥ ಚಾಪೆಯನ್ನು ಅಪಘಾತವಾದ ಮೇಲೆ ಹೊಲಿಯುತ್ತ ಕೂರಬಾರದು, ಮೊದಲೇ ಸಿದ್ಧವಾಗಿಟ್ಟಿರಬೇಕು. ಇನ್ನೊಂದು ಉಪಾಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಒಂದು ಬದಿಗೆ ನೀರು ತುಂಬಿ ಹಡಗು ವಾಲಿದರೆ, ಎದುರು ಬದಿಯ ಕೋಣೆಗೆ ನಾವೇ ನೀರು ಬಿಡಬೇಕು! ಆಗ ತಕ್ಕಡಿಯಂತೆ ಎರಡೂ ಕಡೆ ಸಮವಾಗಿ ಹಡಗು ನೆಟ್ಟಗೆ ನಿಲ್ಲುತ್ತದೆ. ಸ್ವಲ್ಪ ಆಳಕ್ಕೆ ಇಳಿದರೂ ಮಗುಚಿಕೊಳ್ಳುವುದಿಲ್ಲ.

ಒಂದರ ಮೇಲೊಂದು ಎರಡು ಹೊಳೆ

1881ರಲ್ಲಿ ಮಕರೋವ್ ತಮಾನ್ ಎಂಬ ಹಡಗಿನ ನಾಯಕರಾಗಿ ಟರ್ಕಿಯ ಬಾಸ್ಫರಸ್ ಜಲಸಂಧಿಗೆ ಬಂದರು. ಕಪ್ಪು ಸಮುದ್ರದ ನೀರು ಇಲ್ಲಿಂದ ಮರ್ಮರ ಸಮುದ್ರಕ್ಕೆ ಹರಿಯುತ್ತದೆ. ಆದರೆ ಆಳದಲ್ಲಿ ನೀರು ಹಿಂದಕ್ಕೆ ಹರಿಯುತ್ತದೆಂದು ಹಿಂದಿನಿಂದಲೂ ಕೆಲವರು ಹೇಳುತ್ತಿದ್ದರು. ಮಕರೋವ್ ಅಳೆದು ನೋಡಲು ನಿರ್ಧರಿಸಿದರು. ನೀರು ತುಂಬಿದ ಪೀಪಾಯಿಗೆ ಭಾರ ಕಟ್ಟಿ ದೋಣಿಯಿಂದ ಆಳಕ್ಕೆ ಇಳಿಬಿಟ್ಟರು. ಏನಾಯಿತು ಗೊತ್ತೆ? ಮೇಲಿನ ಪ್ರವಾಹಕ್ಕೆ ಎದುರಾಗಿ ದೋಣಿಯೇ ಚಲಿಸತೊಡಗಿತು! ಕೆಳಗಿನ ಪ್ರವಾಹ ಪೀಪಾಯಿಯನ್ನು ಎಳೆಯುತ್ತಿತ್ತು.

ಕಾರಣ ನೀರಿನ ಸಾಂದ್ರತೆ. ಕಪ್ಪು ಸಮುದ್ರಕ್ಕೆ ಡ್ಯಾನ್ಯೂಬ್, ನೀಪರ್ ಮುಂತಾದ ದೊಡ್ಡ ನದಿಗಳು ಸೇರುವುದರಿಂದ ಅದರ ನೀರು ಕಡಿಮೆ ಉಪ್ಪು, ಹಗುರ. ಮೆಡಿಟರೇನಿಯನ್ ಕಡೆಯ ನೀರು ಹೆಚ್ಚು ಉಪ್ಪು, ಭಾರ. ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ ಎದುರುಬದುರಾಗಿ ಹರಿಯುತ್ತವೆ. ಈ ಅಧ್ಯಯನವನ್ನು ಅವರು 1885ರಲ್ಲಿ ಪ್ರಕಟಿಸಿದರು. ಮುಂದೆ 1886ರಿಂದ 1889ರವರೆಗೆ ವಿತ್ಯಾಜ್ ಎಂಬ ಹಡಗಿನಲ್ಲಿ ಭೂಮಿಯನ್ನು ಸುತ್ತಿ, ಸಮುದ್ರದ ಉಷ್ಣತೆ ಮತ್ತು ಸಾಂದ್ರತೆಯನ್ನು ಅಳೆದರು. ಮೊನಾಕೊ ನಗರದ ಸಾಗರ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಈ ಹಡಗಿನ ಹೆಸರನ್ನು ಕೆತ್ತಲಾಗಿದೆ.

ಕಂಡರೂ ಉಳಿಸದ ಬಾವುಟ

1893ರ ಜೂನ್ 22ರಂದು ಲೆಬನಾನ್ ಕರಾವಳಿಯ ಬಳಿ ಬ್ರಿಟನ್ನಿನ ಯುದ್ಧನೌಕೆಗಳು ಎರಡು ಸಾಲುಗಳಲ್ಲಿ ಹೊರಟಿದ್ದವು. ಸಾಲುಗಳ ನಡುವೆ ಇದ್ದ ಅಂತರ ಸುಮಾರು 1,100 ಮೀಟರ್. ಎರಡೂ ಸಾಲುಗಳು ಒಳಮುಖವಾಗಿ ತಿರುಗಬೇಕೆಂದು ಸೇನಾಪತಿ ಟ್ರಯನ್ ಬಾವುಟದ ಆಜ್ಞೆ ಹಾರಿಸಿದರು. ಅಷ್ಟು ಜಾಗದಲ್ಲಿ ತಿರುಗಿದರೆ ಡಿಕ್ಕಿಯಾಗುವುದು ಖಚಿತ. ಎರಡನೆಯ ಸಾಲಿನ ಅಧಿಕಾರಿ ಅನುಮಾನಿಸಿ, ಉತ್ತರದ ಬಾವುಟವನ್ನು ಅರ್ಧಕ್ಕೆ ನಿಲ್ಲಿಸಿದರು. ಏಕೆ ತಡ ಎಂದು ಟ್ರಯನ್ ಕೈ ಬಾವುಟದಿಂದ ಕೇಳಿಸಿದರು. ಅಧಿಕಾರಿ ಒಪ್ಪಿಕೊಂಡರು. ಕ್ಯಾಂಪರ್‌ಡೌನ್ ಹಡಗು ಟ್ರಯನ್ ಇದ್ದ ವಿಕ್ಟೋರಿಯಾ ಹಡಗಿಗೆ ಗುದ್ದಿತು. ವಿಕ್ಟೋರಿಯಾ ಮಗುಚಿ ಮುಳುಗಿತು. ಟ್ರಯನ್ ಸೇರಿ 358 ಮಂದಿ ಸತ್ತರು.

ಇಲ್ಲಿ ಗಮನಿಸಿ. ಬಾವುಟಗಳು ಸರಿಯಾಗಿಯೇ ಕಂಡವು, ಸಂದೇಶವೂ ತಲುಪಿತು. ಆದರೆ ತಪ್ಪು ಆಜ್ಞೆಯನ್ನು ಬಾವುಟ ತಿದ್ದಲಾರದು. ಅದನ್ನು ಮನುಷ್ಯನೇ ತಿದ್ದಬೇಕು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಕರೋವ್ ಅವರ ಹಳೆಯ ಹಡಗು ರುಸಾಲ್ಕಾ ಬಿರುಗಾಳಿಗೆ ಸಿಕ್ಕಿ 177 ಜನರೊಂದಿಗೆ ಮುಳುಗಿತು. ಒಬ್ಬರೂ ಬದುಕಲಿಲ್ಲ. ಹಡಗು ಎಲ್ಲಿ ಮುಳುಗಿತೆಂದು ತಿಳಿಸಲೂ ಯಾರೂ ಉಳಿಯಲಿಲ್ಲ. ಅದರ ಅವಶೇಷ ಪತ್ತೆಯಾದದ್ದು 2003ರಲ್ಲಿ! ಮಕರೋವ್ ವಿಕ್ಟೋರಿಯಾದ ಮಾದರಿಯೊಂದನ್ನು ಮಾಡಿಸಿ ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿದರು. ನಿಜವಾದ ಹಡಗಿನಂತೆಯೇ ಅದೂ ಮಗುಚಿಕೊಂಡಿತು. ಸುಮಾರು 25 ವರ್ಷಗಳಿಂದ ಅವರು ಹೇಳುತ್ತಿದ್ದುದು ಇದನ್ನೇ. ಆದರೆ ಅವರ ಸಲಹೆಗಳನ್ನು ಒಪ್ಪಿ ಜಾರಿಗೆ ತರುವುದು ನಿಧಾನವಾಗಿತ್ತು.

ಎರಡು ಕೈ, 29 ಅಕ್ಷರ

ಹಡಗಿನ ಕಂಬಕ್ಕೆ ಏರಿಸುವ ಬಾವುಟಗಳಿಗೆ ರಷ್ಯಾದಲ್ಲಿ ಸಿರಿಲಿಕ್ ಅಕ್ಷರಗಳ ಹಳೆಯ ಹೆಸರುಗಳಿವೆ. ನಾವು ‘ಅ ಅರಸ, ಆ ಆನೆ’ ಎಂದು ಕಲಿತಂತೆ ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಪದ. ಅಜ್, ಬೂಕಿ, ವೇದಿ, ಗ್ಲಗೋಲ್, ದೊಬ್ರೊ ಹೀಗೆ. ವೇದಿ ಎಂದರೆ ತಿಳಿಯುವುದು. ನಮ್ಮ ‘ವಿದ್ಯೆ’ಗೂ ಈ ಪದಕ್ಕೂ ಮೂಲ ಒಂದೇ! ಗಾಳಿಯ ಸದ್ದಿನಲ್ಲಿ ಬ, ವ, ದ ಎಂದರೆ ಗೊಂದಲ. ಬೂಕಿ, ವೇದಿ, ದೊಬ್ರೊ ಎಂದರೆ ಗೊಂದಲವಿಲ್ಲ. ಒಂದೊಂದು ಬಾವುಟಕ್ಕೂ ಸಿದ್ಧ ಅರ್ಥವಿದೆ. ದೊಬ್ರೊ ಎಂದರೆ ಒಳ್ಳೆಯದು. ಆ ಬಾವುಟ ಹಾರಿತೆಂದರೆ ಒಪ್ಪಿಗೆ ಇದೆ, ಮುಂದುವರಿಯಿರಿ ಎಂದರ್ಥ. ಇಂದಿಗೂ ರಷ್ಯನ್ನರು ಅನುಮತಿ ಕೊಡುವುದನ್ನು ದೊಬ್ರೊ ಕೊಡುವುದು ಎನ್ನುತ್ತಾರೆ.

ಆದರೆ ಸಂಕೇತ ಪುಸ್ತಕದಲ್ಲಿ ಇಲ್ಲದ ವಿಷಯವನ್ನು ಹೇಳಬೇಕಾದರೆ? ಬಾವುಟ ಹುಡುಕಿ ಕಟ್ಟಿ ಏರಿಸುವಷ್ಟು ಸಮಯವಿಲ್ಲದಿದ್ದರೆ? ಇದಕ್ಕೆ ಕೈ ಬಾವುಟ ಬೇಕು. ಪಶ್ಚಿಮದ ದೇಶಗಳ ಕೈ ಬಾವುಟ ಲಿಪಿ ಲ್ಯಾಟಿನ್ ಅಕ್ಷರಗಳಿಗೆ ಹೊಂದುತ್ತಿತ್ತು. ರಷ್ಯನ್ ನಾವಿಕನಿಗೆ ಬೇಕಾದದ್ದು ಅವನ ಭಾಷೆಯ ಅಕ್ಷರ. ಮಕರೋವ್ 1895ರಲ್ಲಿ ಇದನ್ನು ರೂಪಿಸಿದರು. ನಾವಿಕ ಎರಡು ಕೈಗಳಲ್ಲಿ ಬಾವುಟ ಹಿಡಿದು ನಿಲ್ಲುತ್ತಾನೆ. ಕೈಗಳ ಒಂದೊಂದು ಭಂಗಿಯೂ ಒಂದೊಂದು ಅಕ್ಷರ.

ಇಂದಿನ ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. ಕೈ ಬಾವುಟದಲ್ಲಿ ಇರುವುದು 29 ಅಕ್ಷರ ಸಂಜ್ಞೆಗಳು ಮಾತ್ರ. ಹೇಗೆ? ಎ, ಯೆ, ಯೊ ಎಂಬ ಮೂರು ಅಕ್ಷರಗಳಿಗೆ ಒಂದೇ ಸಂಜ್ಞೆ. ಇ ಮತ್ತು ಅದರ ಗಿಡ್ಡ ರೂಪಕ್ಕೆ ಒಂದು. ಗಡುಸು ಗುರುತು, ಮೃದು ಗುರುತು ಎಂಬ ಎರಡಕ್ಕೂ ಒಂದು. ನಾಲ್ಕು ಸಂಜ್ಞೆ ಉಳಿಯಿತು! ಇವುಗಳ ಜೊತೆಗೆ ಮೂರು ವಿಶೇಷ ಸಂಜ್ಞೆಗಳಿವೆ. ಅಂಕಿಗಳಿಗೆ ಸಂಜ್ಞೆಯಿಲ್ಲ, ಅವನ್ನು ಪದದಲ್ಲೇ ಬರೆಯಬೇಕು. ಪಳಗಿದ ನಾವಿಕ ನಿಮಿಷಕ್ಕೆ 60ರಿಂದ 80 ಸಂಜ್ಞೆ ಕಳಿಸಬಲ್ಲ. ವಿದ್ಯುತ್ ಬೇಡ, ಯಂತ್ರ ಬೇಡ. ಎರಡು ಬಟ್ಟೆ ತುಂಡು, ಎರಡು ಕೋಲು ಸಾಕು.

ಬಾವುಟ ಕಾಣದ ದೂರ

ಆದರೆ ಬಾವುಟಕ್ಕೆ ಒಂದು ಮಿತಿಯಿದೆ. ಭೂಮಿ ಗುಂಡಗಿದೆ. ನೀರಿನಿಂದ 10 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು 11 ಕಿಲೋಮೀಟರ್ ದೂರದಲ್ಲಿರುತ್ತದೆ. ಕೈ ಬಾವುಟವಂತೂ ಅದಕ್ಕಿಂತ ಬಹಳ ಹತ್ತಿರದಿಂದಲೇ ಕಾಣಬೇಕು. ಮಂಜು ಕವಿದರೆ ಅದೂ ಇಲ್ಲ. ಮಕರೋವ್ ಕೈ ಬಾವುಟ ಲಿಪಿ ರೂಪಿಸಿದ 1895ರಲ್ಲೇ ಅಲೆಕ್ಸಾಂಡರ್ ಪೊಪೊವ್ ಎಂಬ ರಷ್ಯನ್ ವಿಜ್ಞಾನಿ ರೇಡಿಯೋ ಅಲೆಗಳನ್ನು ಗುರುತಿಸುವ ಉಪಕರಣವನ್ನು ಪ್ರದರ್ಶಿಸಿದರು.

ಆ ವೇಳೆಗೆ ಮಕರೋವ್ ಮತ್ತೊಂದು ಕನಸು ಕಂಡಿದ್ದರು. ದಪ್ಪ ಮಂಜುಗಡ್ಡೆಯನ್ನು ಒಡೆದು ದಾರಿ ಮಾಡುವ ದೊಡ್ಡ ಹಡಗು. ಅವರ ಯೋಜನೆಯಂತೆ ಎರ್ಮಾಕ್ ಎಂಬ ಹಡಗು ಇಂಗ್ಲೆಂಡಿನಲ್ಲಿ ತಯಾರಾಗಿ 1899ರ ಮಾರ್ಚಿನಲ್ಲಿ ಮಂಜುಗಡ್ಡೆ ಸೀಳುತ್ತ ರಷ್ಯಾದ ಕ್ರೋನ್‌ಸ್ಟಾಟ್ ಬಂದರಿಗೆ ಬಂದಿತು.

ಅದೇ ವರ್ಷದ ಕೊನೆಗೆ ಅಪ್ರಾಕ್ಸಿನ್ ಎಂಬ ಯುದ್ಧನೌಕೆ ಗೋಗ್ಲಾಂಡ್ ದ್ವೀಪದ ಬಂಡೆಗಳಲ್ಲಿ ಸಿಕ್ಕಿಕೊಂಡಿತು. ಸುತ್ತಲೂ ಹಿಮ. ದ್ವೀಪಕ್ಕೂ 40 ಕಿಲೋಮೀಟರಿಗಿಂತ ದೂರದ ದಡಕ್ಕೂ ನಡುವೆ ಪೊಪೊವ್ ಮತ್ತು ಸಂಗಡಿಗರು ರೇಡಿಯೋ ಸಂಪರ್ಕ ಕಲ್ಪಿಸಿದರು. 1900ರ ಫೆಬ್ರವರಿ 6ರಂದು ದ್ವೀಪಕ್ಕೆ ಸಂದೇಶವೊಂದು ಬಂದಿತು. ಮೀನುಗಾರರು ನಿಂತಿದ್ದ ಹಿಮದ ತುಂಡು ಒಡೆದು ಸಮುದ್ರಕ್ಕೆ ತೇಲಿಹೋಗಿದೆ, ಎರ್ಮಾಕ್ ಹೋಗಿ ಕಾಪಾಡಬೇಕು ಎಂದು. ಎರ್ಮಾಕ್ ಹೊರಟಿತು. 27 ಮೀನುಗಾರರು ಬದುಕಿ ಬಂದರು. ಮಕರೋವ್ ಹಡಗು ಮತ್ತು ಪೊಪೊವ್ ಉಪಕರಣ ಎರಡೂ ಸೇರಿ ಮಾಡಿದ ಕೆಲಸವಿದು. ಅಪ್ರಾಕ್ಸಿನ್ ಹಡಗನ್ನೂ ಏಪ್ರಿಲ್ ತಿಂಗಳಲ್ಲಿ ಬಿಡಿಸಲಾಯಿತು.

ಕೊನೆಯ ರಾತ್ರಿ

1904ರಲ್ಲಿ ರಷ್ಯಾ ಮತ್ತು ಜಪಾನ್ ನಡುವೆ ಯುದ್ಧದ ಮೋಡ ಕವಿದಿತ್ತು. ಚೀನಾ ಕರಾವಳಿಯ ಪೋರ್ಟ್ ಆರ್ಥರ್ ಬಂದರಿನ ಹೊರಗೆ ರಷ್ಯಾದ ಹಡಗುಗಳು ರಕ್ಷಣೆಯಿಲ್ಲದೆ ನಿಂತಿದ್ದವು. ಅಲ್ಲಿ ರಾತ್ರಿ ದಾಳಿಯಾಗಬಹುದು, ಹಡಗುಗಳನ್ನು ಒಳಗೆ ಕರೆಸಿಕೊಳ್ಳಿ ಎಂದು ಮಕರೋವ್ ಫೆಬ್ರವರಿ 8ರಂದು ನೌಕಾ ಸಚಿವಾಲಯಕ್ಕೆ ಪತ್ರ ಬರೆದರು. ಅದೇ ದಿನ ರಾತ್ರಿಯೇ ದಾಳಿ ನಡೆಯಿತು. ಎಚ್ಚರಿಕೆ ನಿಜವಾಗಿತ್ತು, ಆದರೆ ತಲುಪಿ ಕೆಲಸಕ್ಕೆ ಬರಲು ಹೊತ್ತು ಉಳಿದಿರಲಿಲ್ಲ.

ಮಾರ್ಚಿನಲ್ಲಿ ಮಕರೋವ್ ಅವರೇ ಅಲ್ಲಿಗೆ ಸೇನಾಪತಿಯಾಗಿ ಬಂದರು. ಏಪ್ರಿಲ್ 12ರ ರಾತ್ರಿ ಬಂದರಿನ ಹೊರಗೆ ಮಬ್ಬಿನಲ್ಲಿ ಕೆಲವು ಹಡಗುಗಳ ನೆರಳು ಕಂಡವು. ತಮ್ಮವೋ ಶತ್ರುಗಳವೋ ತಿಳಿಯಲಿಲ್ಲ. ಗುಂಡು ಹಾರಿಸುವುದು ಬೇಡ, ಆ ಜಾಗವನ್ನು ಗುರುತಿಸಿಕೊಂಡು ಬೆಳಗ್ಗೆ ಸಿಡಿಗುಂಡುಗಳಿವೆಯೇ ಎಂದು ಶೋಧಿಸಿ ಎಂದರು ಮಕರೋವ್. ಆದರೆ ಬೆಳಗ್ಗೆ ತಮ್ಮದೊಂದು ಸಣ್ಣ ಹಡಗು ಶತ್ರುಗಳ ನಡುವೆ ಸಿಕ್ಕಿಬಿದ್ದ ಸುದ್ದಿ ಬಂದಿತು. ಅದನ್ನು ಕಾಪಾಡುವ ಅವಸರದಲ್ಲಿ ಶೋಧನೆ ನಡೆಯಲೇ ಇಲ್ಲ. ಮರಳಿ ಬರುವಾಗ ಮಕರೋವ್ ಇದ್ದ ಪೆತ್ರೊಪಾವ್ಲೊವ್‌ಸ್ಕ್ ಹಡಗು ಜಪಾನಿಯರು ರಾತ್ರಿ ಇಟ್ಟಿದ್ದ ಸಿಡಿಗುಂಡಿಗೆ ತಾಗಿತು. ಹಡಗಿನೊಳಗಿನ ಮದ್ದುಗುಂಡುಗಳೂ ಸಿಡಿದವು. ಕೆಲವೇ ನಿಮಿಷಗಳಲ್ಲಿ ಹಡಗು 600ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. ಅಂದು 1904ರ ಏಪ್ರಿಲ್ 13. ಮಕರೋವ್ ಜೊತೆ ಭಾರತಕ್ಕೆ ಬಂದು ತಾಜ್ ಮಹಲಿನ ಚಿತ್ರ ಬರೆದಿದ್ದ ಕಲಾವಿದ ವೆರೆಶ್ಚಾಗಿನ್ ಕೂಡ ತೀರಿಕೊಂಡರು.

ಶತ್ರು ದೇಶವಾದ ಜಪಾನಿನಲ್ಲೇ ಇಶಿಕಾವಾ ತಕುಬೊಕು ಎಂಬ ಕವಿ ಮಕರೋವ್ ಸಾವಿಗೆ ಶೋಕಗೀತೆ ಬರೆದರು. ಹಡಗು ಮುಳುಗಬಾರದೆಂದು ಜೀವನವಿಡೀ ದುಡಿದವರು ಹಡಗಿನೊಂದಿಗೇ ಮುಳುಗಿದರು. ಆದರೆ ಎರ್ಮಾಕ್ 1960ರ ದಶಕದವರೆಗೂ ಹಿಮ ಒಡೆಯಿತು. ಅವರ ಕೈ ಬಾವುಟದ ಅಕ್ಷರಗಳನ್ನು ತಲೆಮಾರುಗಳ ನಾವಿಕರು ಕಲಿತರು.

ಮಾಡಿ ನೋಡಿ

ಕನ್ನಡಕ್ಕೆ ಕೈ ಬಾವುಟ ಲಿಪಿ ಮಾಡಬಹುದೇ? ಒಂದು ಕೈಯನ್ನು ಗಡಿಯಾರದ ಮುಳ್ಳಿನಂತೆ 8 ದಿಕ್ಕುಗಳಲ್ಲಿ ನಿಲ್ಲಿಸಬಹುದು ಎಂದುಕೊಳ್ಳಿ. ಎರಡು ಕೈಗಳನ್ನು ಬೇರೆ ಬೇರೆ ದಿಕ್ಕಿಗೆ ಹಿಡಿದರೆ ಒಟ್ಟು 28 ಭಂಗಿಗಳು ಸಿಗುತ್ತವೆ. ಚಿತ್ರ ಬರೆದು ಎಣಿಸಿ ನೋಡಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ! ಕಾಗುಣಿತ, ಒತ್ತಕ್ಷರಗಳು ಬೇರೆ. ಯಾವ ಅಕ್ಷರಗಳಿಗೆ ಒಂದೇ ಭಂಗಿ ಕೊಡುವಿರಿ? ದೀರ್ಘ ಸ್ವರವನ್ನು ಹೇಗೆ ತೋರಿಸುವಿರಿ? ಗೆಳೆಯರೊಂದಿಗೆ ಚರ್ಚಿಸಿ ನಿಮ್ಮದೇ ಪಟ್ಟಿ ತಯಾರಿಸಿ. ನಂತರ ಎರಡು ಕರವಸ್ತ್ರ ಹಿಡಿದು ಆಟದ ಮೈದಾನದ ಒಂದು ತುದಿಯಿಂದ ಒಂದು ಪದ ಕಳಿಸಿ. ಇನ್ನೊಂದು ತುದಿಯವರು ಓದಿದ್ದು ಅದೇ ಪದವೇ? ಅಲ್ಲವಾದರೆ ನಿಮ್ಮ ಪಟ್ಟಿಯಲ್ಲಿ ಏನು ಬದಲಿಸಬೇಕು?