ಸ್ಯಾಂಕಿ ಕೆರೆ ಗೊತ್ತು, ಸ್ಯಾಂಕಿ ಯಾರು?

ಓದೋಕೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿರೋ ಮಧುಗಿರಿ, ಪಾವಗಡದ ಹುಡುಗರಿಗೆಲ್ಲ ಸ್ಯಾಂಕಿ ಕೆರೆ ಗೊತ್ತು. 1882ರ ಆ ಕೆರೆಗಿಂತ ರಿಚರ್ಡ್ ಹೀರಮ್ ಸ್ಯಾಂಕಿಯ ಇನ್ನೊಂದು ಕೆಲಸ ನಮ್ಮ ಬರದ ತಾಲ್ಲೂಕುಗಳಿಗೆ ಹೆಚ್ಚು ಹತ್ತಿರದ್ದು ಅನ್ನೋದು ನನ್ನ ವಾದ.

ಆತ ಹುಟ್ಟಿದ್ದು 1829ರಲ್ಲಿ, ಐರ್ಲೆಂಡಿನ ಟಿಪ್ಪೆರರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆಯಲ್ಲಿ ಓದಿ 1846ರಲ್ಲಿ ಮದ್ರಾಸ್ ಎಂಜಿನಿಯರ್ಸ್ ಸೇರಿದ. ಕಲಿತದ್ದು ಯುದ್ಧದ ವಿದ್ಯೆ: ನೆಲ ಅಳೆಯೋದು, ಮಟ್ಟ ನೋಡೋದು, ಮಣ್ಣಿನ ದಿಬ್ಬ ಕಟ್ಟೋದು. 1857ರ ದಂಗೆಯಲ್ಲಿ ಅಲಹಾಬಾದಿನಲ್ಲಿ ಆ ವಿದ್ಯೆ ಕಂಪನಿ ಸೈನ್ಯದ ರಕ್ಷಣೆಗೆ ಬಳಕೆಯಾಯಿತು, ಅಡ್ಡ ಬಂದ ಹಳ್ಳಿಗಳು ನೆಲಸಮವಾದವು. ಈತ ಸಂತನೇನಲ್ಲ, ನಮ್ಮನ್ನು ಆಳೋಕೆ ಬಂದ ಸರ್ಕಾರದ ನೌಕರ.

1864ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದ. ಹೆಸರು ತಂದದ್ದು ಅಠಾರಾ ಕಚೇರಿ, ಕಬ್ಬನ್ ಪಾರ್ಕು. ನನಗೆ ಮುಖ್ಯ ಅನ್ನಿಸೋದು ಕೆರೆಗಳಿಗೇ ಅಂತ ಆತ ಕಟ್ಟಿದ ನೀರಾವರಿ ಇಲಾಖೆ. 1866ರ ಹೊತ್ತಿಗೆ ಆತ ಕಂಡುಕೊಂಡದ್ದು ಇಷ್ಟು: ಸಂಸ್ಥಾನದ ಸುಮಾರು 60 ಪಾಲು ನೆಲವನ್ನು ಇಲ್ಲಿನ ಜನ ಆಗಲೇ ಕೆರೆಗಳ ಜಾಲದೊಳಗೆ ತಂದಿದ್ದಾರೆ, ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ. ಹೊಸದು ಕಟ್ಟಿದರೆ ಕೆಳಗಿನ ಊರಿನ ನೀರು ಕದ್ದಂತೆ. ಹಾಗಾಗಿ ಬಿಡಿ ಕೆರೆ ಬಿಟ್ಟು ಇಡೀ ಕಣಿವೆಯನ್ನು ಅಳೆಯೋ ಕ್ರಮ ಬಂತು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ ಎಷ್ಟು ಬರುತ್ತೆ, ಏರಿ ಎಷ್ಟು ಎತ್ತರ ಬೇಕು, ಕೋಡಿ ಎಷ್ಟು ಅಗಲ ಇರಬೇಕು ಅನ್ನೋ ಲೆಕ್ಕ. ಒಂದು ಏರಿ ಒಡೆದರೆ ಸಾಲಿನ ಕೆರೆಗಳೆಲ್ಲ ಒಡೆಯೋ ನಾಡಲ್ಲಿ ಇದು ಸಣ್ಣ ಮಾತಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರೋ ಜಯಮಂಗಲಿಯ ದಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ದುರಸ್ತಿ ನಿಧಾನವಾಯಿತು. ಇಲಾಖೆ ಸರಿಮಾಡಿದ ಕೆರೆಯ ಮುಂದಿನ ಹೊಣೆ ರೈತರ ತಲೆಗೆ ಬಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಮಳೆಯೇ ಇಲ್ಲದಾಗ ಎಷ್ಟು ಚಂದದ ಕೋಡಿ ಇದ್ದರೇನು? 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಕ್ಷಾಮ ಜೋರಾಗಿದ್ದ 1877ರಲ್ಲೇ ಸ್ಯಾಂಕಿಗೆ ಸಿಮ್ಲಾಕ್ಕೆ ವರ್ಗವಾಯಿತು. ಆಮೇಲೆ ಅಫ್ಘನ್ ಯುದ್ಧ, ಮದ್ರಾಸ್, ಐರ್ಲೆಂಡಿನಲ್ಲಿ ದೊಡ್ಡ ಹುದ್ದೆ, ಸರ್ ಪದವಿ. 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಆತನ ದಳದ ಇಂದಿನ ರೂಪ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. 2024ರಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ 190 ಅಡಿ ಬೈಲಿ ಸೇತುವೆ ಕಟ್ಟಿದ್ದು ಅವರೇ. ಅದೂ ಎರಡನೇ ಮಹಾಯುದ್ಧಕ್ಕೆ ಹುಟ್ಟಿದ ಸೇತುವೆ. ಭೂಕುಸಿತಕ್ಕೆ ಕ್ಯಾಮೆರಾ ಬರುತ್ತೆ, ಸೈನ್ಯ ಬರುತ್ತೆ. ಬರಕ್ಕೆ ಬರೋದು ಟ್ಯಾಂಕರ್ರು.

ಶಿರಾ, ಪಾವಗಡದಲ್ಲಿ ಈಗಲೂ ಹೂಳೆತ್ತೋ ಮಾತು ಬಂದರೆ ನಮ್ಮೂರ ಕೆರೆ, ಪಕ್ಕದೂರ ಕೆರೆ ಅಂತ ಬೇರೆ ಬೇರೆಯಾಗೇ ಬರುತ್ತೆ. ಮುಂದಿನ ಗ್ರಾಮಸಭೆಯಲ್ಲಿ ಕಣಿವೆಯ ಎಲ್ಲ ಕೆರೆಗಳ ನಕ್ಷೆ ಒಟ್ಟಿಗೆ ತೋರಿಸಿ ಅಂತ ಕೇಳಿ ನೋಡಿ. ಮೇಲಿನೂರಿನವರನ್ನೂ ಕರ್ಕೊಂಡು ಹೋಗಿ.