ಟವೆಲ್ಲಿನ ಕೆಳಗಿನ ಬೆರಳು ಮತ್ತು ವಾನ್ ನ್ಯೂಮನ್

ಚಿಕ್ಕವನಿದ್ದಾಗ ಅಪ್ಪನ ಜೊತೆ ಮೂಡಲಗಿ ದನದ ಸಂತೆಗೆ ಹೋಗುತ್ತಿದ್ದೆ. ಎಮ್ಮೆಯ ದರವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ವ್ಯಾಪಾರ. ಪಕ್ಕದಲ್ಲಿ ನಿಂತವನಿಗೆ ಚೌಕಾಸಿ ನಡೆದಿರೋದು ಕಾಣುತ್ತೆ, ದರ ಮಾತ್ರ ತಿಳಿಯಲ್ಲ. ಮುಂದೆ ವೈರ್‌ಲೆಸ್ ಸುರಕ್ಷತೆಯ ಪಾಠದಲ್ಲಿ ಜಾನ್ ವಾನ್ ನ್ಯೂಮನ್ ಹೆಸರು ಬಂದಾಗ ನನಗೆ ನೆನಪಾದದ್ದು ಆ ಟವೆಲ್ಲು.

ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಬುಡಾಪೆಸ್ಟಿನ ಯಹೂದಿ ಬ್ಯಾಂಕರ್ ಒಬ್ಬರ ಮನೆಯಲ್ಲಿ. ಒಬ್ಬನ ಗೆಲುವೇ ಇನ್ನೊಬ್ಬನ ಸೋಲಾಗುವ ಆಟದಲ್ಲಿ ಇಬ್ಬರಿಗೂ ಅತ್ಯುತ್ತಮವಾದ ನಡೆ ಇದ್ದೇ ಇರುತ್ತದೆ ಎಂದು ಅವರು 1928ರಲ್ಲಿ ಸಾಧಿಸಿದರು. ಆಮೇಲೆ ಅಮೆರಿಕ ಸೇರಿ, 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಆಟದ ಸಿದ್ಧಾಂತದ ದೊಡ್ಡ ಗ್ರಂಥ ಬರೆದರು.

ಗೋಕಾಕದಿಂದ ಹುಕ್ಕೇರಿಗೆ ಸಂದೇಶ ಕಳಿಸೋಕೆ ಎರಡು ತರಂಗಾಂತರ ಇವೆ ಅಂದ್ಕೊಳ್ಳಿ. ಕದ್ದು ಕೇಳುವವನಿಗೆ ಒಂದು ಸಲಕ್ಕೆ ಒಂದೇ ದಕ್ಕುತ್ತದೆ. ದಿನಾ ಒಂದನ್ನೇ ಬಳಸಿದರೆ ಸಿಕ್ಕಿಬಿದ್ದಂಗೇ. ನಾಣ್ಯ ಚಿಮ್ಮಿ ಆರಿಸಿದರೆ, ಅವನೆಷ್ಟೇ ಜಾಣನಾದರೂ ಸರಾಸರಿ ಅರ್ಧಕ್ಕಿಂತ ಹೆಚ್ಚು ಸಿಗದು. 1975ರಲ್ಲಿ ಆರನ್ ವೈನರ್ ಇನ್ನೊಂದು ದಾರಿ ತೋರಿಸಿದರು: ಕಳ್ಳಕಿವಿಗೆ ಬೀಳುವ ಸಂಕೇತದಲ್ಲಿ ಗದ್ದಲ ಹೆಚ್ಚಿದ್ದರೆ, ಕೀಲಿಯಿಲ್ಲದೆಯೂ ಗುಟ್ಟು ಕಳಿಸಬಹುದು. ಹಾಗಾಗಿ ಈಗ ಕಳಿಸುವವನು ತನ್ನ ಶಕ್ತಿಯನ್ನು ಸಂದೇಶಕ್ಕೆಷ್ಟು, ಬೇಕಂತಲೇ ಎಬ್ಬಿಸುವ ಗದ್ದಲಕ್ಕೆಷ್ಟು ಅಂತ ಹಂಚುತ್ತಾನೆ. ಕದಿಯುವವನು ಸುಮ್ಮನೆ ಕೇಳಬೇಕೋ, ಅಡ್ಡಿಪಡಿಸಿ ತನ್ನ ಇರವು ಬಯಲಾಗಿಸಿಕೊಳ್ಳಬೇಕೋ ಅಂತ ಲೆಕ್ಕ ಹಾಕುತ್ತಾನೆ. ಮತ್ತದೇ ವಾನ್ ನ್ಯೂಮನ್ ಆಟ.

ಎದುರಾಳಿಗೂ ನನ್ನಷ್ಟೇ ಬುದ್ಧಿಯಿದೆ ಎಂದುಕೊಂಡೇ ಆಡಬೇಕು ಅನ್ನೋದು ಆ ಗಣಿತದ ಪಾಠ. ಆದರೆ ಅಣುಬಾಂಬಿನ ಕೆಲಸದಲ್ಲಿದ್ದ ಅದೇ ಮನುಷ್ಯ, ಸೋವಿಯತ್ ಮೇಲೆ ಮೊದಲು ನಾವೇ ದಾಳಿ ಮಾಡಬೇಕೆಂದು ವಾದಿಸಿದವರು. ಆ ಲೆಕ್ಕವನ್ನು ನಾನು ಒಪ್ಪಲಾರೆ. ಕೊನೆಗೆ ಕ್ಯಾನ್ಸರ್ ಹಿಡಿಯಿತು. ನೋವಿನ ಔಷಧಿಯ ಮಂಪರಿನಲ್ಲಿ ಎಲ್ಲಿ ಗುಟ್ಟು ಬಾಯಿಬಿಡುತ್ತಾರೋ ಎಂದು ವಾಷಿಂಗ್ಟನ್ನಿನ ಸೇನಾ ಆಸ್ಪತ್ರೆಯ ಅವರ ಕೋಣೆಗೆ ಕಾವಲು ಹಾಕಿದ್ದರು. 1957ರ ಫೆಬ್ರವರಿ 8ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು.

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಫೋನಿನಲ್ಲಿ ಓಟಿಪಿಯನ್ನು ಜೋರಾಗಿ ಓದಿ ಹೇಳುವಾಗ ನನಗೆ ಆ ಕೋಣೆ ನೆನಪಾಗುತ್ತೆ. ತರಂಗವನ್ನು ಎಷ್ಟೇ ಕಾದರೂ ಗುಟ್ಟು ಸೋರೋದು ಮನುಷ್ಯನ ಬಾಯಿಂದ. ಅದು ನಮ್ಮ ಸಂತೆಯವರಿಗೆ ಮೊದಲೇ ಗೊತ್ತಿತ್ತು ನೋಡ್ರಿ, ಅದಕ್ಕೇ ಬಾಯಿಗೆ ಕೆಲಸಾನೇ ಕೊಡ್ತಿರಲಿಲ್ಲ.